ಮೈಸೂರು ಪೇಟ ಕಳಚಿದ ಪೈಲ್ವಾನರು

ಅವರ ಎಡಗಿವಿ ಕಿವಿಯಂತಿರಲಿಲ್ಲ. ಯಾರೋ ಹಿಟ್ಟಿನಲ್ಲಿ ಕಿವಿ ಮಾಡಲು ಹೊರಟು, ಬೇಸರ ಬಂದು, ಮುದ್ದೆಯನ್ನೇ ಅಂಟಿಸಿದಂತಿತ್ತು. ಲಂಡನ್ನಿನ ಟೂಟಿಂಗ್‌ನಲ್ಲಿ ನಮ್ಮ ಕೆಳಗಿನ ಫ್ಲಾಟಿನವರು. ಬೊಲಿವಿಯಾದಿಂದ ಬಂದು ಇಲ್ಲಿನ ಟೌನ್ ಹಾಲ್‌ಗಳಲ್ಲಿ ಪ್ರದರ್ಶನದ ಕುಸ್ತಿ ಆಡಿದವರು. ನಾವು ಪೈಲ್ವಾನರು ಎನ್ನುತ್ತಿದ್ದೆವು.

ಮೊದಲ ದಿನವೇ ಲಿಫ್ಟಿನಲ್ಲಿ ಅಮ್ಮನನ್ನು ಕೇಳಿದ್ದರು, "ಯಾವೂರು?"

"ಮೈಸೂರು."

"ಅರೆ, ನಾನೂ ಮೈಸೂರಿನವನೇ!"

ಅಮ್ಮ ನಕ್ಕುಬಿಟ್ಟಳು. ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಯ ಸುಳ್ಳು ಹಿಡಿಯುವುದನ್ನೇ ಕಲಿತಿದ್ದ ಹುಡುಗಿ ನಾನು, ಬಿಡುತ್ತೇನೆಯೇ? ಸಂಜೆ ಹೋಗಿ ಬಾಗಿಲು ತಟ್ಟಿದೆ. ಹಳೆಯ ಪೋಸ್ಟರೊಂದನ್ನು ತಂದು ಬಿಡಿಸಿದರು: ಜರಿಪೇಟ, ಹುರಿಮೀಸೆ, ಕೆಳಗೆ 'ಮೈಸೂರಿನ ಮಹಾಮಲ್ಲ'. ಕಿವಿ ಮಾತ್ರ ಅವರದೇ.

"ಬೊಲಿವಿಯಾ ಅಂದ್ರೆ ಯಾರೂ ಟಿಕೆಟ್ ತಗೊಳಲ್ಲ ಅಂದ ಮ್ಯಾನೇಜರ್. ಆರು ವರ್ಷ ನಿಮ್ಮೂರಿನವನಾಗಿದ್ದೆ. ಒಂದಿನ ಕುಸ್ತಿಗೆ ಮುಂಚೆ ಪೇಟ ತೆಗೆದು ಮೈಕಿನವನ ಕೈಗಿಟ್ಟೆ. ನನ್ನೂರು ಕೊಚಬಂಬ, ಹಾಗಂತಲೇ ಕೂಗು ಅಂದೆ."

"ಕೂಗಿದನಾ?"

"ಕೂಗಿದ. ಜನರೆಲ್ಲ 'ಹೋ' ಅಂತ ಗೇಲಿ ಮಾಡಿದ್ರು. ಮ್ಯಾನೇಜರ್ ಕೆಲಸದಿಂದ ತೆಗೆದ. ಆಮೇಲೆ ಸಣ್ಣಪುಟ್ಟ ಕಡೆ ನನ್ನೂರಿನವನಾಗೇ ಆಡಿದೆ. ಇಲ್ಲಿ ತನ್ನೂರಿನ ಹೆಸರಲ್ಲೇ ಆಡಿದ ಲ್ಯಾಟಿನ್ ಅಮೆರಿಕದವರಲ್ಲಿ ನಾನೇ ಮೊದಲಿಗ."

"ಸಾಕ್ಷಿ? ಕೊಚಬಂಬದ ಪೋಸ್ಟರ್ ಎಲ್ಲಿ?"

"ಸಣ್ಣ ಜಾಗದವರು ಪೋಸ್ಟರ್ ಹಾಕಿಸ್ತಾರಾ, ವಕೀಲರೇ?"

ಅಂದಿನಿಂದ ಭಾನುವಾರಗಳೆಲ್ಲ ವಾದಕ್ಕೆ ಮೀಸಲು. ನಿಮಗಿಂತ ಮುಂಚೆ ಇನ್ನೊಬ್ಬ ಇದ್ದಿರಬಹುದಲ್ಲ ಎಂದೆ. "ಇದ್ದಿರಬಹುದು. ಅವನ ತಲೆ ಮೇಲೆ ಯಾವೂರ ಪೇಟ ಇತ್ತೋ!" ನಿಮ್ಮ ಕುಸ್ತಿಯೇ ನಾಟಕ ಎಂದೆ. "ಗೆಲ್ಲೋದು ನಾಟಕ. ಬೀಳೋದು ನಿಜ," ಎಂದು ಕಿವಿ ಮುಟ್ಟಿಕೊಂಡರು.

ಲೈಬ್ರರಿಗಳಲ್ಲಿ ಕೂತು ಹಳೆಯ ಪತ್ರಿಕೆಗಳನ್ನೂ ತಿರುವಿದೆ. ಎಲ್ಲೆಲ್ಲೂ ಮಹಾಮಲ್ಲನೇ, ಕೊಚಬಂಬದವನು ಒಂದು ಸಾಲಿನಲ್ಲೂ ಇಲ್ಲ. ಬಂದು ಅದನ್ನೇ ಹೇಳಿದೆ.

"ಹಾಗಾದ್ರೆ ಮೈಸೂರಿನವನಾಗೇ ಸಾಯ್ತೀನಿ ಬಿಡು," ಎಂದು ಟೀ ಬಗ್ಗಿಸತೊಡಗಿದರು. ನಾನು ಗೆದ್ದಿದ್ದೆ. ಆ ಟೀ ಮಾತ್ರ ಹಾಗೇ ಬಿಟ್ಟು ಬಂದೆ.

ಕಳೆದ ಫೆಬ್ರವರಿಯಲ್ಲಿ ತೀರಿಕೊಂಡರು. ಅಂತ್ಯಕ್ರಿಯೆಯ ದಿನ ಚರ್ಚಿನಲ್ಲಿ, ಅವರ ಬಳಿ ಪಟ್ಟು ಕಲಿತಿದ್ದ ಕೊಲಂಬಿಯಾದ ಕುಸ್ತಿಗಾರ್ತಿಯೊಬ್ಬಳು ನನ್ನನ್ನು ಹುಡುಕಿಕೊಂಡು ಬಂದಳು. "ನಾವೆಲ್ಲ ನಮ್ಮ ನಮ್ಮ ಊರಿನ ಹೆಸರಲ್ಲೇ ಆಡ್ತೀವಿ. ಅದು ಕಲಿಸೋಕೆ ಅವರು ಹಾಕಿದ ಷರತ್ತು. ಕೊನೆಗೊಮ್ಮೆ ಕುಸ್ತಿಗೆ ಕರೆಯೋ ಹಾಗೆ ಅವರ ಹೆಸರು, ಊರು ಕೂಗಬೇಕಂತೆ. 'ಮೇಲಿನ ಮನೆ ವಕೀಲರೇ ಕೂಗಲಿ, ನಂಬದೆ ಅವಳು ಒಂದು ಮಾತೂ ಆಡಲ್ಲ' ಅಂದಿದ್ರು."

ನನ್ನ ಕೈಯಲ್ಲಿ ಆಗಲೂ ಒಂದೇ ಒಂದು ಚೂರು ಕಾಗದವಿರಲಿಲ್ಲ. ಎದ್ದು ನಿಂತು ಹೆಸರು ಕೂಗಿದೆ. ಆಮೇಲೆ ಊರು: ಕೊಚಬಂಬ.

ಯಾರೂ 'ಹೋ' ಅನ್ನಲಿಲ್ಲ.