ಬುಟ್ಟಿಯ ಕೆಳಗಿನ ದನಿ

ನನ್ನ ಗಂಡ ಸಿತಲೆಕಿ ಯಾರ ಮನೆಗೆ ಹೋದರೂ ತಲೆ ಬಾಗಿಸಿಯೇ ಒಳಗೆ ಹೋಗಬೇಕು, ಅಷ್ಟು ಎತ್ತರ. ಬಾಸ್ಕೆಟ್‌ಬಾಲ್ ಆಡುವುದೇ ಅವನ ಉದ್ಯೋಗ. ಬುಟ್ಟಿಗೆ ಚೆಂಡು ಹಾಕುವುದಲ್ಲ, ಹಾಕಲು ಬಂದವರನ್ನು ತಡೆಯುವುದು. ಪತ್ರಿಕೆಯಲ್ಲಿ ಅವನ ಹೆಸರಿನ ಮುಂದೆ ಎರಡೋ ನಾಲ್ಕೋ ಅಂಕ ಇರುತ್ತದೆ. ಅತ್ತೆ ಅದನ್ನೇ ಕತ್ತರಿಸಿ ಫ್ರಿಜ್ಜಿಗೆ ಅಂಟಿಸುತ್ತಾರೆ.

ಈ ಸಲ ಬಂದ ಹೊಸ ಕೋಚ್ ಮಲ್ಕಮ್‌ಗೆ ದೂರದಿಂದಲೇ ಗುರಿಯಿಟ್ಟು ಬುಟ್ಟಿಗೆ ಹಾಕುವ ಎತ್ತರದವರು ಬೇಕಂತೆ. "ಶನಿವಾರದ ಆಟ ನೋಡಿ ಹೇಳ್ತೀನಿ, ಮುಂದಿನ ವರ್ಷ ನಿನ್ನ ಇಟ್ಕೋತೀವೋ ಇಲ್ವೋ ಅಂತ" ಎಂದುಬಿಟ್ಟ. ನಮ್ಮ ಲೋಗನ್ ಊರಿನಲ್ಲಿ ಟೋಂಗಾ ದ್ವೀಪಗಳಿಂದ ಬಂದ ನಾವೆಲ್ಲ ಅಕ್ಕಪಕ್ಕದಲ್ಲೇ ಇದ್ದೇವೆ. ಮಗು ಲುಸೆಯಾನೆ ಈಗಷ್ಟೇ ಕೂರಲು ಕಲಿತಿದ್ದಾಳೆ. ಅವಳನ್ನು ಎತ್ತಿಕೊಂಡು ಬೇರೆ ಊರಿನ ತಂಡ ಹುಡುಕಿ ಹೊರಡಲು ನನಗೆ ಸುತರಾಂ ಮನಸ್ಸಿರಲಿಲ್ಲ.

ಆದರೆ ಅದು ಹೊಸ ವರ್ಷದ ಪ್ರಾರ್ಥನೆಯ ವಾರ. ದಿನವೂ ಚರ್ಚು, ದಿನವೂ ಹಾಡು, ಆಮೇಲೆ ಎಲ್ಲರ ಮನೆಯಿಂದ ಬಂದ ಊಟ. ನಮ್ಮಲ್ಲಿ ಹಾಡಿದರೆ ಚಾವಣಿ ಹಾರಬೇಕು. ಶುಕ್ರವಾರ ಗಂಡಸರ ಸಾಲಿನಲ್ಲಿ ನಿಂತ ಅವನಿಗೆ, ನಾಳೆ ಆಟವಿದೆ, ಮೆಲ್ಲಗೆ ಹಾಡೆಂದು ಸನ್ನೆ ಮಾಡಿದೆ. ಅತ್ತೆ ನನ್ನ ಕೈ ಇಳಿಸಿದರು.

"ದೇವರ ಮುಂದೆ ಯಾರಾದ್ರೂ ಪಿಸುಗುಟ್ತಾರೇನೇ? ಅವನು ಆಡೋದು ಕೈಯಲ್ಲಿ, ಗಂಟಲಲ್ಲಲ್ಲ."

ಶನಿವಾರ ಬೆಳಿಗ್ಗೆ ಅವನ ಗಂಟಲಿನಿಂದ ಬರೀ ಗಾಳಿ ಬಂತು.

ಆಟ ಶುರುವಾದ ಮೇಲೆಯೇ ಆ ದನಿಯ ಬೆಲೆ ಪೂರ್ತಿ ತಿಳಿದದ್ದು. ಬುಟ್ಟಿಯ ಕೆಳಗೆ ನಿಂತವನಿಗೆ ಇಡೀ ಅಂಗಳ ಕಾಣುತ್ತದೆ. ಉಳಿದವರಿಗೆ ಬೆನ್ನ ಹಿಂದೆ ಯಾರಿದ್ದಾರೆಂದು ಕಾಣದು. "ಎಡಕ್ಕೆ! ಬಲಕ್ಕೆ!" ಎಂದು ಅವನು ಕೂಗುತ್ತಲೇ ಇರಬೇಕು. ಅಂದು ಕೂಗಿಲ್ಲ. ನಮ್ಮ ತಂಡದ ಕುಳ್ಳ ಡಾರ್ಸಿ, ದಾರಿಗೆ ಅಡ್ಡ ನಿಂತ ಎದುರಾಳಿಗಳಿಗೆ ಹೋಗಿ ಹೋಗಿ ಗುದ್ದಿಕೊಂಡ.

"ಬಾಯಿ ಬಿಡೋ ಲೆಕಿ! ನನ್ನ ಪಕ್ಕೆ ಮುರೀತು!"

ಅರ್ಧ ಆಟಕ್ಕೆ ನಾವು ಎಲ್ಲೋ ಹಿಂದೆ. "ಏನಾಯ್ತ್ರೋ ನಿಮಗೆಲ್ಲಾ?" ಎಂದು ಮಲ್ಕಮ್ ಕಿರುಚಿದ.

"ಇವನು ಕೂಗ್ತಿಲ್ಲ ಸರ್. ಇವನು ಹೇಳ್ದಿದ್ರೆ ನಾವು ಕುರುಡರೇ" ಎಂದ ಡಾರ್ಸಿ.

ಮಲ್ಕಮ್ ಮೊದಲ ಸಲ ಸಿತಲೆಕಿಯನ್ನು ಸರಿಯಾಗಿ ನೋಡಿದ. ಸಿತಲೆಕಿ ಎರಡೂ ಕೈ ಎತ್ತಿ ಒಂದು ಚಪ್ಪಾಳೆ ತಟ್ಟಿ ಎಡಕ್ಕೆ ತೋರಿಸಿದ, ಎರಡು ತಟ್ಟಿ ಬಲಕ್ಕೆ. ಹಲಗೆ ಮುರಿದ ಹಾಗೆ ಸದ್ದು.

ಉಪಾಯವೇನೋ ಚೆನ್ನಾಗಿತ್ತು. ಆದರೆ ಬುಟ್ಟಿಯ ಹಿಂದೆಯೇ ಕೂತ ನಮ್ಮ ಚರ್ಚಿನವರು ಅವನ ಜೊತೆ ತಾವೂ ತಟ್ಟತೊಡಗಿದರು. ಡಾರ್ಸಿ ಬೊಂಬೆಯಂತೆ ಎಡಬಲ ತಿರುಗಿದ. ಅತ್ತೆ ಎದ್ದು ನಿಂತರು.

"ಯಾರೂ ತಟ್ಟಬೇಡ್ರೋ! ಕೈ ತೊಡೆ ಕೆಳಗಿಟ್ಕೊಂಡು ಕೂತ್ಕೊಳ್ಳಿ!"

ನಮ್ಮ ಜನಕ್ಕೆ ಅದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಆದರೂ ಕೂತರು. ಲುಸೆಯಾನೆಯ ಎರಡು ಪುಟ್ಟ ಕೈಗಳನ್ನು ನಾನು ಹಿಡಿದುಕೊಂಡೆ. ಆಮೇಲೆ ಎದುರಾಳಿಗಳಿಗೆ ಬುಟ್ಟಿಯ ದಾರಿಯೇ ಸಿಗಲಿಲ್ಲ. ಹಿಂದೆ ಬಿದ್ದ ಅಂಕಗಳನ್ನೆಲ್ಲ ಹೆಚ್ಚುಕಡಿಮೆ ತುಂಬಿಕೊಂಡರೂ ಕೊನೆಗೆ ಒಂದೇ ಅಂಕದಿಂದ ಸೋತೆವು.

ನಾನು ಮಗುವನ್ನು ಎತ್ತಿಕೊಂಡು ಎದ್ದೆ. ಮಲ್ಕಮ್ ನೇರವಾಗಿ ಅತ್ತೆಯ ಬಳಿ ಬಂದ.

"ಅಮ್ಮಾ, ಈ ಪ್ರಾರ್ಥನೆ ವಾರ ಮುಂದಿನ ವರ್ಷ ಯಾವಾಗ ಬರುತ್ತೆ?"

"ಜನವರಿ ಮೊದಲ ವಾರನೇ. ಯಾಕಪ್ಪಾ?"

"ಆಟದ ಹಿಂದಿನ ದಿನ ನಮ್ಮ ಹುಡುಗ ಹಾಡೋ ಹಾಗಿಲ್ಲ. ಬರೀ ಊಟಕ್ಕೆ ಕಳಿಸ್ತೀನಿ."

ಸಿತಲೆಕಿ ನನ್ನತ್ತ ನೋಡಿ ಏನೋ ಹೇಳಿದ. ಗಾಳಿ ಮಾತ್ರ ಬಂತು. ಮರುದಿನ ಅತ್ತೆ ಫ್ರಿಜ್ಜಿಗೆ ಹೊಸ ತುಣುಕು ಅಂಟಿಸಿದರು. ಅವನ ಹೆಸರಿನ ಮುಂದೆ ಸೊನ್ನೆ.