ಜೋಡಿ ಇಲ್ಲದ ಸಾಲು

ಆಗ ಹೈದರಾಬಾದಿನ ಕಾಲೇಜಿನಲ್ಲಿ ನಮಗೆ ಸಾಹಿತ್ಯದ ಪಾಠ ಉರ್ದುವಿನಲ್ಲಿ. ಎರಡು ಭಾಷೆಗಳ ಹಾಡುಗಳನ್ನು ಹೋಲಿಸಿ ಪ್ರಬಂಧ ಬರೆಯಿರಿ ಎಂದು ಪ್ರಾಧ್ಯಾಪಕರು ಹೇಳಿದಾಗ ನನಗೆ ನೆನಪಾದದ್ದು ಕನ್ನಡ-ಮರಾಠಿ ಎರಡೂ ಆಡುವ ನಮ್ಮೂರು ಗುಂಜೋಟಿಯಲ್ಲಿನ ಸೋದರತ್ತೆಯ ಬೀಸುವ ಕಲ್ಲು. ಕಲ್ಲಿನ ಆಚೆ ಕೂರುತ್ತಿದ್ದವಳು ಪಕ್ಕದ ಮನೆಯ ಮರಾಠಿ ಹೆಂಗಸು. ಬೀಸುವಾಗ ಆಕೆ ಮರಾಠಿಯಲ್ಲಿ ಹಾಡಿನ ಒಂದು ಸಾಲು ಎತ್ತಿದರೆ ಅತ್ತೆ ಕನ್ನಡದಲ್ಲಿ ಉತ್ತರ ಕೊಡುವಳು. ಇಬ್ಬರಿಗೂ ಅದರಲ್ಲಿ ವಿಶೇಷವೇನೂ ಕಂಡಿರಲಿಲ್ಲ.

ರಜೆಯಲ್ಲಿ ಊರಿಗೆ ಬಂದು, ಅವರ ಪಕ್ಕದಲ್ಲಿ ಕೂತು ಹಾಡುಗಳನ್ನು ಬರೆದುಕೊಂಡೆ. ಹಾಳೆಯ ನಡುವೆ ಗೆರೆ. ಎಡಕ್ಕೆ ಮರಾಠಿ, ಬಲಕ್ಕೆ ಕನ್ನಡ. ಅಲ್ಲಿ ಅಣ್ಣನ ಕುದುರೆ, ಇಲ್ಲಿ ಅಣ್ಣನ ಎತ್ತು. ಜೋಡಿಗಳು ಚೆನ್ನಾಗಿ ಕೂಡಿದವು. ಒಂದೇ ಒಂದು ಸಾಲಿಗೆ ಜೋಡಿ ಸಿಗಲಿಲ್ಲ. ಉದಗೀರಿಗೆ ಕೊಟ್ಟಿದ್ದ ಮಗಳು ಹೆರಿಗೆಯಲ್ಲಿ ತೀರಿಕೊಂಡ ಮೇಲೆ ಅತ್ತೆ ತಾನೇ ಕಟ್ಟಿದ ಸಾಲು ಅದು. ಅದನ್ನು ಬಿಟ್ಟೇ ಪ್ರಬಂಧ ಒಪ್ಪಿಸಿದೆ. ಮೂಲ ಹಾಳೆಗಳನ್ನೂ ಇಟ್ಟುಕೊಳ್ಳಲಿಲ್ಲ. ಪ್ರಾಧ್ಯಾಪಕರು ಮೆಚ್ಚಿಕೊಂಡರು.

ಮುಂದಿನ ರಜೆಯಲ್ಲಿ ಅತ್ತೆ ಕೇಳಿದಳು: "ನನ್ನ ಮಗಳ ಹಾಡು ನಿಮ್ಮ ಮಾಸ್ತರಗ ಓದಿ ತೋರಿಸಿದೇನೋ ತಮ್ಮಾ?"

ಹೂಂ ಎನ್ನಬಹುದಿತ್ತು. ಇಲ್ಲ ಎಂದೆ. ಅದಕ್ಕೆ ಮರಾಠಿಯಲ್ಲಿ ಜೋಡಿ ಇರಲಿಲ್ಲ ಎಂಬ ಕಾರಣವನ್ನೂ ಹೇಳಿದೆ.

ಅತ್ತೆ ಅಂದಳು: "ಆ ಸಾಲು ಬಂದಾಗ ಬಾಜೂಮನಿ ಆಕಿ ಬಾಯಿ ಮುಚ್ಚಿ ಕಲ್ಲ ತಿರುವತಿದ್ದಳಲ್ಲ, ಅದ ಜೋಡಿ. ಇಷ್ಟ ಓದಿ ಅಷ್ಟೂ ತಿಳೀಲಿಲ್ಲೇನು?"

ಆ ಸಾಲು ಈಗ ಹೇಳು, ಬರೆದುಕೊಳ್ಳುತ್ತೇನೆ ಎಂದೆ. ಕಲ್ಲು ತಿರುಗದೆ ಆಕೆಗೆ ಹಾಡು ಬಾರದು. ಒಬ್ಬಳೇ ತಿರುವುವಷ್ಟು ಶಕ್ತಿ ತೋಳಿನಲ್ಲಿ ಉಳಿದಿರಲಿಲ್ಲ. ಪಕ್ಕದ ಮನೆಯಾಕೆ ಮಗನ ಬಳಿ ನಿಲಂಗಕ್ಕೆ ಹೋಗಿದ್ದಳು. "ಬಾ, ಗೂಟ ಹಿಡಿ," ಎಂದಳು ಅತ್ತೆ. ಕಾಲೇಜು ಓದುವ ಗಂಡಸು ಬೀಸಲು ಕೂತದ್ದನ್ನು ಕಂಡು ಓಣಿಯ ಹೆಂಗಸರು ನಕ್ಕರು. ಅತ್ತೆ ಜೋಳ ಹಾಕಿ ಹಾಡಿದಳು. ನನ್ನ ಕೈ ಗೂಟದ ಮೇಲಿತ್ತು, ಬರೆಯುವಂತಿರಲಿಲ್ಲ.

ಬೀಸಿ ಮುಗಿದೊಡನೆ ಹಿಟ್ಟಿನ ಕೈಯಲ್ಲೇ ದಿನಚರಿ ತೆರೆದು ಬರೆದೆ: "ಉದಗೀರ ಹಾದಿ, ನನ ಮಗಳ ಹೆಜ್ಜಿ ಎಲ್ಲಿಟ್ಟಿ." ಹಿಂದಿನ ರಜೆಯಲ್ಲಿ ಹೆಜ್ಜೆಯ ಬದಲು ಬಳೆ ಎಂದು ಹಾಡಿದ್ದಳೆ? ಕೇಳಿದರೆ, ಮೊದಲಿನಿಂದಲೂ ಹೀಗೇ ಎಂದಳು. ಆಕೆಯ ನೆನಪನ್ನು ಅನುಮಾನಿಸಲು ನನ್ನ ನೆನಪೇನೂ ಹೆಚ್ಚು ಗಟ್ಟಿಯಲ್ಲ.

ಆ ಪುಟ ಈಗಲೂ ನನ್ನ ಬಳಿ ಇದೆ. ಬಲಕ್ಕೆ ಆ ಸಾಲು. ಎಡಕ್ಕೆ ಹೀಗೆ ಬರೆದಿದ್ದೇನೆ: ಇಲ್ಲಿ ಪಕ್ಕದ ಮನೆಯಾಕೆ ಹಾಡುವುದಿಲ್ಲ, ಕಲ್ಲು ತಿರುವುತ್ತಾಳೆ.