ಮಂಡಕಳ್ಳಿಗೆ ಹದ್ದುಗಳು ಬಂದ ವರ್ಷ

ಕೋವಿಡ್ ಕಾಲ ಕಳೆದು ವಿಮಾನಗಳು ಮತ್ತೆ ತುಂಬತೊಡಗಿದ್ದ ವರ್ಷ. ಆಗ ನಾನು ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದಲ್ಲಿ, ಕಡಿಮೆ ದರದ ಒಂದು ಸಣ್ಣ ಪ್ರಾದೇಶಿಕ ಏರ್‌ಲೈನಿನ ಸ್ಟೇಷನ್ ಮ್ಯಾನೇಜರ್ ಆಗಿದ್ದೆ. ನಮ್ಮ ವಿಮಾನ ಇಳಿದ ಕ್ಷಣದಿಂದ ಮತ್ತೆ ಏರುವವರೆಗೆ ನೆಲದ ಮೇಲೆ ಏನೇ ಆದರೂ ಕಂಪನಿಗೆ ಉತ್ತರ ಹೇಳಬೇಕಾದವಳು ನಾನೇ. ಹುಟ್ಟಿದ್ದು ಬನ್ನೂರಿನಲ್ಲಿ, ಸೊಸೆಯಾಗಿ ಬಂದದ್ದು ನಂಜನಗೂಡಿಗೆ. ಚೆಕ್-ಇನ್ ಕೌಂಟರಿನಲ್ಲಿ ಬೋರ್ಡಿಂಗ್ ಪಾಸ್ ಕೊಡುತ್ತ ಕೆಲಸ ಶುರುಮಾಡಿದವಳು ಈ ಹುದ್ದೆಗೆ ಬರುವಷ್ಟರಲ್ಲಿ ತಲೆಗೂದಲು ಅರ್ಧ ಬೆಳ್ಳಗಾಗಿತ್ತು.

ಇಷ್ಟು ಅಗ್ಗವಾಗಿ ವಿಮಾನ ಹೇಗೆ ಓಡಿಸುತ್ತೀರಿ ಎಂದು ಜನ ಕೇಳುತ್ತಿದ್ದರು. ನಮ್ಮಲ್ಲಿದ್ದದ್ದು ಬಾಡಿಗೆಗೆ ತಂದ ನಾಲ್ಕೇ ಎಟಿಆರ್‌ಗಳು. ಎರಡು ರೆಕ್ಕೆಗೂ ಒಂದೊಂದು ದೊಡ್ಡ ಪ್ರೊಪೆಲ್ಲರ್ ಇರುವ, ಎಪ್ಪತ್ತು ಚಿಲ್ಲರೆ ಜನ ಕೂರುವ ವಿಮಾನ ಅದು. ನೆಲದ ಮೇಲೆ ನಿಂತ ವಿಮಾನ ದುಡಿಯುವುದಿಲ್ಲ. ಆದ್ದರಿಂದ ಇಳಿದ ಅರ್ಧ ಗಂಟೆಯೊಳಗೆ ಜನರನ್ನು ಇಳಿಸಿ, ಕ್ಯಾಬಿನ್ ಗುಡಿಸಿ, ಇಂಧನ ತುಂಬಿ, ಹೊಸಬರನ್ನು ಹತ್ತಿಸಿ ಕಳಿಸಬೇಕು. ಒಂದು ವಿಮಾನ ಮೈಸೂರಿನಲ್ಲಿ ಕೆಟ್ಟು ನಿಂತರೆ, ಆ ದಿನ ಅದು ಮುಟ್ಟಬೇಕಿದ್ದ ಅಷ್ಟೂ ಊರುಗಳಲ್ಲಿ ಜನ ಕೌಂಟರಿಗೆ ಮುತ್ತಿಗೆ ಹಾಕುತ್ತಿದ್ದರು.

ನಮಗೆ ಹೈದರಾಬಾದಿಗೆ ಬೆಳಗಿನ ವಿಮಾನವೊಂದಿತ್ತು. ಚೆನ್ನೈಗೂ ಇನ್ನೊಂದು ಕೊಡುತ್ತೇವೆ ಎಂದು ಹೆಡ್ ಆಫೀಸ್ ಒಪ್ಪಿತ್ತು. ಅದಕ್ಕಾಗಿ ನಂಜನಗೂಡು, ಟಿ. ನರಸೀಪುರ ಕಡೆಯ ಹನ್ನೆರಡು ಹುಡುಗ ಹುಡುಗಿಯರನ್ನು ನಾನೇ ಆರಿಸಿ ತರಬೇತಿ ಕೊಡಿಸಿದ್ದೆ. ವಿಮಾನ ಬಂದರೆ ಮಾತ್ರ ಅವರಿಗೆ ಕೆಲಸ.

ಅಂಥ ಹೊತ್ತಿನಲ್ಲಿ ಮೊದಲ ಹಕ್ಕಿ ಬಡಿಯಿತು. ಬೆಳಿಗ್ಗೆ ನಮ್ಮಿಂದ ಹೋದ ವಿಮಾನ ಹೈದರಾಬಾದಿನಲ್ಲಿ ಇಳಿದಾಗ ಎಂಜಿನಿಯರ್ ಪ್ರೊಪೆಲ್ಲರಿನ ಅಲಗಿನಲ್ಲಿ ರಕ್ತವನ್ನೂ ಕಂದು ಬಣ್ಣದ ಗರಿಯನ್ನೂ ನೋಡಿದರು. ಇದನ್ನು ನಾವು ಬರ್ಡ್ ಹಿಟ್ ಎನ್ನುತ್ತೇವೆ. ಒಂದು ಹದ್ದು ಬಡಿದರೂ ಅಲಗು, ಎಂಜಿನ್ ಎಲ್ಲವನ್ನೂ ಪರೀಕ್ಷಿಸದೆ ವಿಮಾನ ಮೇಲೇಳುವಂತಿಲ್ಲ. ಆ ದಿನದ ಹಾರಾಟವೆಲ್ಲ ರದ್ದಾಯಿತು. ತಿಂಗಳೊಳಗೆ ಎರಡನೆಯದು ಬಡಿಯಿತು. ಪೈಲಟ್‌ಗಳಿಗೆ ಗೊತ್ತೇ ಆಗಿರದಿದ್ದರಿಂದ ಎಲ್ಲಿ ಬಡಿಯಿತು ಎಂದು ಯಾರೂ ಹೇಳಲಾರದೆ ಹೋದರು.

ಹೆಡ್ ಆಫೀಸಿನ ಆಪರೇಷನ್ಸ್ ಮುಖ್ಯಸ್ಥರು ಫೋನಿನಲ್ಲಿ ದನಿ ತಗ್ಗಿಸಿ, “ಇಷ್ಟು ವರ್ಷ ಇಲ್ಲದ ಹದ್ದುಗಳು ಈಗೇಕೆ ಬಂದವು? ನಮ್ಮ ಹೊಸ ವಿಮಾನ ಬೇಡ ಅನ್ನುವವರು ಯಾರಾದರೂ ಅಲ್ಲಿದ್ದಾರಾ? ಇನ್ನೊಂದು ಬಡಿದರೆ ಚೆನ್ನೈ ವಿಮಾನ ಬೇರೆ ಊರಿಗೆ ಹೋಗುತ್ತದೆ” ಎಂದರು. ಆ ಮಾತು ಕೇಳಿದಂದಿನಿಂದ ನಾನು ಎಲ್ಲರ ಮುಖವನ್ನೂ ಎರಡೆರಡು ಸಲ ನೋಡತೊಡಗಿದೆ. ಲೋಡರ್‌ಗಳು ಗುಂಪಾಗಿ ನಿಂತು ನಕ್ಕರೆ ಏಕೆ ನಗುತ್ತಿದ್ದಾರೆ ಅನಿಸುತ್ತಿತ್ತು. ಅವರೂ ನಾನು ಹತ್ತಿರ ಬಂದರೆ ಮಾತು ನಿಲ್ಲಿಸುತ್ತಿದ್ದರು.

ಹದ್ದುಗಳು ಏಕೆ ಬಂದವು ಎಂಬುದಕ್ಕೆ ಉತ್ತರ ಹೇಳಿದವರು ಮಹದೇವಸ್ವಾಮಿ. ಲಗೇಜ್ ಸಾಗಿಸುವ ಗಾಡಿಗಳನ್ನೂ ಲೋಡರ್‌ಗಳನ್ನೂ ನಮಗೆ ಒದಗಿಸುತ್ತಿದ್ದ ಕಂಟ್ರಾಕ್ಟರ್ ಅವರು. ಟಿ. ನರಸೀಪುರ ರಸ್ತೆಯ ಕಡೆ ಜಮೀನಿದ್ದವರು. ಹಣೆಗೆ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಯಾರಿಗೂ ಏರುದನಿಯಲ್ಲಿ ಮಾತಾಡಿದವರಲ್ಲ.

“ಹೈವೇ ಪಕ್ಕದ ಮೀನಂಗ್ಡಿ ನೋಡಿಲ್ವಾ ಮೇಡಂ? ಆ ವಾಸ್ನೆಗೆ ಹದ್ದು ಬರ್ದೆ ಗಿಣಿ ಬಂದದಾ?” ಎಂದರು.

ರನ್‌ವೇಯ ಪಶ್ಚಿಮದ ತುದಿಯಾಚೆ ಮೈಸೂರು–ನಂಜನಗೂಡು ಹೆದ್ದಾರಿ ಹಾದುಹೋಗುತ್ತದೆ. ಅಲ್ಲಿ ತಗಡಿನ ಚಪ್ಪರದಡಿ ಕಬಿನಿಯ ಮೀನು ಹುರಿದು ಮಾರುತ್ತಿದ್ದವಳು ಕಳಲೆ ಕಡೆಯ ಮಾದಮ್ಮ. ನಾನು ದಿನಾ ಆ ಅಂಗಡಿಯ ಮುಂದೆಯೇ ಓಡಾಡುತ್ತಿದ್ದವಳು. ಮಹದೇವಸ್ವಾಮಿ ಊರಿನ ನಾಲ್ಕು ಜನರನ್ನು ಸೇರಿಸಿ ಪಂಚಾಯಿತಿಗೆ ದೂರು ಕೊಟ್ಟರು. ಅಂಗಡಿ ನೋಡಲು ಹೋದಾಗ ನನ್ನನ್ನೂ ಕರೆದರು, ಹೋದೆ.

ಮಾದಮ್ಮ ಬಾಣಲೆಯಿಂದ ಕಣ್ಣೆತ್ತದೆ ಹೇಳಿದಳು: “ಅದ್ನಾರು ವರ್ಸದಿಂದ ಇಲ್ಲೇ ಇವ್ನಿ. ನಾನ್ ಬಿಸಾಕೋ ಮುಳ್ಳು ಬೀದಿ ನಾಯ್ಗೇ ಸಾಲ್ದು. ಅದ್ದು ಇಮಾನ ಅಡ್ಡಗಟ್ಟಕ್ ಬತ್ತವಾ?”

ಜೊತೆಯಲ್ಲಿದ್ದವರು ನಕ್ಕರು. ಮಹದೇವಸ್ವಾಮಿ ಮಾತ್ರ ನಗಲಿಲ್ಲ. “ನೂರಾರು ಜನರ ಪ್ರಾಣದ ಪ್ರಶ್ನೆ ಕಣಮ್ಮ” ಎಂದರು. ವಾರದೊಳಗೆ ತಗಡು ಕಳಚಿ ಟೆಂಪೋಗೆ ಹೇರಿದ್ದಾಯಿತು. ಅವಳ ಒಲೆಯ ಕಲ್ಲುಗಳು ಮಾತ್ರ ಅಲ್ಲೇ ಉಳಿದವು.

ಮೂರನೆಯ ಹದ್ದು ಬಡಿದದ್ದು ಅದಾದ ಮೇಲೆ.

ಆ ಬೆಳಿಗ್ಗೆ ವಿಮಾನ ಏರಿದ ಸ್ವಲ್ಪ ಹೊತ್ತಿಗೇ ವಾಕಿಟಾಕಿಯಲ್ಲಿ ಸುದ್ದಿ ಬಂತು: ಬಲಗಡೆಯ ಎಂಜಿನ್ ನಿಲ್ಲಿಸಿದ್ದಾರೆ, ವಾಪಸ್ ಬರುತ್ತಿದ್ದಾರೆ. ಎಟಿಆರ್ ಒಂದೇ ಎಂಜಿನಿನಲ್ಲಿ ಸುರಕ್ಷಿತವಾಗಿ ಇಳಿಯಬಲ್ಲದು, ಅದನ್ನು ಪುಸ್ತಕದಲ್ಲಿ ಓದಿದ್ದೇನೆ, ಬೇರೆಯವರಿಗೆ ಪಾಠವನ್ನೂ ಮಾಡಿದ್ದೇನೆ. ಆದರೆ ಅದರೊಳಗೆ ನಾನೇ ಟಾಟಾ ಮಾಡಿ ಹತ್ತಿಸಿದ್ದ ಸುತ್ತೂರಿನ ಒಬ್ಬ ಬಾಣಂತಿಯೂ ಅವಳ ಕೂಸೂ ಇದ್ದರು. ಫೈರ್ ಎಂಜಿನ್‌ಗಳು ರನ್‌ವೇ ಪಕ್ಕ ಸಾಲಾಗಿ ನಿಂತವು. ವಿಮಾನ ಒಂದು ಕಡೆ ತುಸು ವಾಲಿದಂತೆ ಬಂದು, ಚಕ್ರ ನೆಲ ಮುಟ್ಟಿ, ಸರಿಯಾಗಿ ನಿಂತಿತು. ಆ ತಾಯಿ ಮೆಟ್ಟಿಲಿಳಿದು ಬಂದು ನನ್ನ ಕೈಗೆ ಮಗುವನ್ನು ಕೊಟ್ಟು ಅಲ್ಲೇ ಕೂತುಬಿಟ್ಟಳು. ಮಗು ನಿದ್ದೆಯಲ್ಲಿತ್ತು.

ಈ ಸಲ ಕ್ಯಾಪ್ಟನ್ ಹಕ್ಕಿಗಳನ್ನು ಕಣ್ಣಾರೆ ಕಂಡಿದ್ದರು. ಪೂರ್ವಕ್ಕೆ ಮುಖಮಾಡಿ ಏರಿದ ಮೇಲೆ ಬಲಗಡೆಯಿಂದ, ಕೆಳಗಿನಿಂದ ಮೇಲಕ್ಕೆ ಒಂದು ಹಿಂಡೇ ಎದ್ದಿತಂತೆ. ಪೂರ್ವ ಅಂದರೆ ಟಿ. ನರಸೀಪುರದ ದಿಕ್ಕು. ಮೀನಂಗಡಿ ಇದ್ದದ್ದು ಪಶ್ಚಿಮದಲ್ಲಿ.

ಇದನ್ನು ಅವರು ನನ್ನ ಆಫೀಸಿನಲ್ಲಿ ಹೇಳುವಾಗ ಮಹದೇವಸ್ವಾಮಿ ಬಾಗಿಲಲ್ಲಿ ನಿಂತಿದ್ದರು. ನಾನು ಅವರನ್ನು ಏನೂ ಕೇಳಿರಲಿಲ್ಲ. “ಆ ಕಡೆ ಏನೂ ಇಲ್ಲ ಮೇಡಂ. ಕಾಲುವೆ ಬಯಲಲ್ಲಿ ಗದ್ದೆ ಉಳ್ತಾವ್ರೆ, ಹುಳುಗೆ ಬಂದಿರ್ತವೆ. ನಾನೇ ಹೋಗಿ ನೋಡ್ಕಂಡು ಬತ್ತೀನಿ, ನೀವ್ಯಾಕೆ ತೊಂದರೆ ತಗತೀರಿ” ಎಂದರು. ಮಧ್ಯಾಹ್ನದೊಳಗೆ ಹೋಗಿಬಂದು ಏನೂ ಸಿಗಲಿಲ್ಲ ಎಂದೂ ಹೇಳಿದರು. ಮೀನಂಗಡಿಗೆ ನನ್ನನ್ನು ತಾವಾಗಿಯೇ ಕರೆದೊಯ್ದಿದ್ದ ಮನುಷ್ಯ ಈ ಕಡೆಗೆ ಬರಬೇಡಿ ಎನ್ನುತ್ತಿರುವುದು ನನ್ನ ಮನಸ್ಸಿಗೆ ಮುಳ್ಳಿನಂತೆ ಚುಚ್ಚಿತು. ಆದರೂ ಬೆಳಗಾದರೆ ಲಗೇಜ್ ಎತ್ತುವವರು ಅವರ ಜನ. ಸಾಕ್ಷಿಯಿಲ್ಲದೆ ಬಾಯಿಬಿಟ್ಟರೆ ಇರುವ ಒಂದು ವಿಮಾನವೂ ನಿಲ್ಲುತ್ತಿತ್ತು. ಆಫೀಸಿನಲ್ಲಿ ಯಾರಿಗೂ ಹೇಳಲಿಲ್ಲ. ಯಾರು ಅವರ ಕಿವಿಗೆ ಹಾಕುತ್ತಾರೋ ಗೊತ್ತಿರಲಿಲ್ಲ.

ರಜೆಯ ದಿನ ಬೆಳಿಗ್ಗೆ ಸ್ಕೂಟರ್ ತೆಗೆದೆ. ಹೆದ್ದಾರಿಯಲ್ಲಿ, ಕಿತ್ತುಹಾಕಿದ್ದ ಅಂಗಡಿಯ ಜಾಗದಲ್ಲಿ ಮಾದಮ್ಮ ಬುಟ್ಟಿಯಲ್ಲಿ ಸೀಬೆಹಣ್ಣು ಇಟ್ಟುಕೊಂಡು ಕೂತಿದ್ದಳು. ಗಾಡಿ ನಿಲ್ಲಿಸಿ ಕ್ಯಾಪ್ಟನ್ ಹೇಳಿದ್ದನ್ನು ಅವಳಿಗೆ ಹೇಳಿದೆ. ಅವಳು ಕೈಯಲ್ಲಿದ್ದ ಹಣ್ಣನ್ನು ಬುಟ್ಟಿಗೆ ಹಾಕಿ ಕೇಳಿದಳು:

“ನಿಂದ್ಯಾವೂರವ್ವ?”

“ಬನ್ನೂರು.”

“ನನ್ನೂ ಕೂರುಸ್ಕ. ನನ್ನಂಗ್ಡಿ ಕಿತ್ತೋರ ಕಡೇವ್ಳು ನೀನು. ನೀ ನೋಡ್ಕಂಡು ಬಂದು ಏಳುದ್ರೆ ನಾನ್ ನಂಬಕಿಲ್ಲ. ನನ್ನ ಕಣ್ಣಲ್ಲೇ ನೋಡ್ಬೇಕು.”

ಬುಟ್ಟಿಯನ್ನು ಪಕ್ಕದ ಪಂಚರ್ ಅಂಗಡಿಯಲ್ಲಿಟ್ಟು ನನ್ನ ಹಿಂದೆ ಕೂತಳು. ಟಿ. ನರಸೀಪುರ ರಸ್ತೆಗೆ ಬಂದು, ಎಡ ಬಲ ಆಕಾಶ ನೋಡುತ್ತ ಮೆಲ್ಲಗೆ ಹೋದೆವು. ಕಾಲುವೆ ದಾಟಿದ ಮೇಲೆ ತೆಂಗಿನ ತೋಟವೊಂದರ ಹಿಂದೆ ಹದ್ದುಗಳು ಸುತ್ತುತ್ತಿದ್ದವು. ಒಂದೆರಡಲ್ಲ, ಎಣಿಸಲಾಗದಷ್ಟು. ಗಾಡಿದಾರಿಯಲ್ಲಿ ಇಳಿದು ನಡೆಯುತ್ತಿದ್ದಂತೆ ವಾಸನೆ ಮೂಗಿಗೆ ಬಡಿಯಿತು. ಸೆರಗಿನಿಂದ ಮೂಗು ಮುಚ್ಚಿಕೊಂಡು ಮುಂದೆ ಹೋದೆವು.

ಹಸಿರು ಬಲೆಯ ಬೇಲಿ. ಒಳಗೆ ಇಟ್ಟಿಗೆಗೆಂದು ಮಣ್ಣು ತೆಗೆದ ಹಳೆಯ ಗುಂಡಿಗೆ ನೀರು ತುಂಬಿಸಿದ ಕಪ್ಪು ಹೊಂಡ. ಬೇಲಿಯ ಹತ್ತಿರ ಕೂತಿದ್ದ ಕಾವಲಿನವನು ಎದ್ದು ಬಂದ.

“ಯಾರಮ್ಮ ನೀವು? ಯಾರ್ನ ಕೇಳ್ಕಂಡ್ ಬಂದ್ರಿ?”

ಮಾದಮ್ಮ ಮುಂದೆ ಬಂದಳು. “ಮೀನ್ ತಗಳಕೆ ಕಣಪ್ಪ. ನಂಜನಗೂಡ್ ತಾವ ಉರಿದು ಮಾರ್ತೀವಿ. ಇವ್ಳು ನಮ್ ತಂಗಿ.”

ಅವನು ನನ್ನ ಚಪ್ಪಲಿ, ನನ್ನ ಕೈಗಡಿಯಾರ ಎಲ್ಲವನ್ನೂ ನೋಡಿದ. ನಂಬಿದನೋ ಇಲ್ಲವೋ, ವ್ಯಾಪಾರ ಅಂದಮೇಲೆ ಮಾತು ಸಡಿಲವಾಯಿತು. ಹೊಂಡದಲ್ಲಿದ್ದದ್ದು ಆಫ್ರಿಕನ್ ಕ್ಯಾಟ್‌ಫಿಶ್. ಇದು ಸಿಕ್ಕಿದ್ದನ್ನೆಲ್ಲ ತಿಂದು ಬೇಗ ಬೆಳೆಯುವ, ನಮ್ಮ ಕೆರೆಗಳ ಮೀನನ್ನು ನುಂಗಿಹಾಕುವ ಜಾತಿ. ಸಾಕುವುದಕ್ಕೆ ನಿಷೇಧವಿದೆ.

“ಮೇವು ಏನಾಕ್ತೀರಿ?” ಮಾದಮ್ಮ ಕೇಳಿದಳು.

“ಕೋಳಿ ಕರ್ಳು, ಚಿಕನ್ ಅಂಗ್ಡಿ ಕಸ. ದಿನಾ ಬೆಳಿಗ್ಗೆ ಗಾಡೀಲಿ ಬತ್ತದೆ. ಸುರಿಯೋ ಒತ್ಗೆ ಈ ಅದ್ದುಗಳ ಕಾಟ.”

“ಯಾರ್ದಪ್ಪ ಈ ಒಂಡ?”

“ಸ್ವಾಮ್ಯೋರ್ದು. ಏರ್‌ಪೋರ್ಟ್ ಕಂಟ್ರಾಕ್ಟ್ರು.”

ಅಷ್ಟರಲ್ಲಿ ನೀಲಿ ಡ್ರಮ್ಮುಗಳನ್ನು ಹೇರಿಕೊಂಡ ಪಿಕಪ್ ಬಂತು. ಅದರ ಗಾಜಿನ ಮೇಲೆ ನಮ್ಮ ಕಂಪನಿಯ ಹೆಸರಿನ ಸ್ಟಿಕ್ಕರ್ ಇತ್ತು. ದಾರಿಯಲ್ಲಿ ಯಾರೂ ಆ ಗಾಡಿಯನ್ನು ತಡೆದು ಒಳಗೇನಿದೆ ಎಂದು ಏಕೆ ಕೇಳಿರಲಿಲ್ಲ ಎಂಬುದು ಆಗ ಅರ್ಥವಾಯಿತು. ಡ್ರೈವರ್‌ಗೆ ನನ್ನ ಮುಖ ಪರಿಚಯ. ನಾನು ಸೆರಗು ಎಳೆದುಕೊಂಡು ತಿರುಗಿ ನಿಂತೆ. ಡ್ರಮ್ ಮಗುಚಿದ ಸದ್ದಿಗೆ ಹದ್ದುಗಳು ಒಟ್ಟಿಗೆ ಕೆಳಗಿಳಿದವು. ಫೋನಿನಲ್ಲಿ ಮೂರು ಫೋಟೊ ತೆಗೆದು, ಮಾದಮ್ಮನ ಕೈ ಹಿಡಿದು ಬೇಗ ಬೇಗ ವಾಪಸ್ ನಡೆದೆ.

ಫೋಟೊಗಳು ಅಂದೇ ಹೆಡ್ ಆಫೀಸಿಗೂ ತಾಲ್ಲೂಕು ಆಡಳಿತಕ್ಕೂ ಮೀನುಗಾರಿಕೆ ಇಲಾಖೆಗೂ ಹೋದವು. ಮಾರನೆಯ ದಿನ ಮಹದೇವಸ್ವಾಮಿ ನನ್ನ ಎದುರು ಬಂದು ಕೂತರು. ಮೊದಲ ಬಾರಿಗೆ ಅವರ ಅಂಗಿ ಸುಕ್ಕಾಗಿತ್ತು.

“ನಾನು ಮೊಟ್ಟೇನೂ ಮುಟ್ಟೋನಲ್ಲ ಮೇಡಂ. ಯಾರೋ ಬಂದು ಗುಂಡಿ ಬಾಡಿಗೆಗೆ ಕೇಳುದ್ರು, ಕೊಟ್ಟೆ. ಅವ್ರು ಏನ್ ಸಾಕ್ತಾರೆ ಅಂತ ನಾನ್ಯಾಕೆ ಇಣುಕ್ಲಿ?”

“ಗಾಡಿ ನಿಮ್ಮದು. ಸ್ಟಿಕ್ಕರ್ ನಮ್ಮದು. ಮಾದಮ್ಮನ ಅಂಗಡಿ ಕೀಳಿಸಿದ್ದು ನೀವು.”

ಅವರು ಎದ್ದು, ಅದೇ ತಗ್ಗಿದ ದನಿಯಲ್ಲಿ, “ನಾಳೆಯಿಂದ ನಮ್ಮ ಗಾಡಿ ಬರಲ್ಲ. ಲಗೇಜ್ ಯಾರು ಎತ್ತುತ್ತಾರೋ ನೋಡ್ತೀನಿ” ಎಂದರು.

ಮಾರನೆಯ ಬೆಳಿಗ್ಗೆ ಗಾಡಿಗಳು ಬರಲೇ ಇಲ್ಲ. ಅವರ ಲೋಡರ್‌ಗಳಲ್ಲಿ ಇಬ್ಬರು ಮಾತ್ರ ಕೆಲಸಕ್ಕೆಂದು ಬಂದು ಗೇಟಿನ ಬಳಿ ನಿಂತಿದ್ದರು. ಹೊಸ ವಿಮಾನಕ್ಕೆಂದು ಆರಿಸಿದ್ದ ಹನ್ನೆರಡು ಮಂದಿಗೆ ಫೋನ್ ಮಾಡಿದೆ. ಹುಡುಗಿಯರೂ ಸೇರಿ ಚೀಲ, ಸೂಟ್‌ಕೇಸ್‌ಗಳನ್ನು ತಳ್ಳುಗಾಡಿಯಲ್ಲಿ ಸಾಗಿಸಿದರು. ನಾನೂ ಎತ್ತಿದೆ. ವಿಮಾನ ತಡವಾಗಿಯಾದರೂ ಹೊರಟಿತು. ಹೀಗೆಯೇ ಹೊಸ ಕಂಟ್ರಾಕ್ಟರ್ ಸಿಗುವವರೆಗೆ ನಡೆಸಿದೆವು. ಅಷ್ಟರಲ್ಲಿ ಅಧಿಕಾರಿಗಳು ಹೊಂಡಕ್ಕೆ ಪಂಪ್ ಇಟ್ಟು ನೀರು ಖಾಲಿ ಮಾಡಿಸಿ, ಮೀನನ್ನು ಗುಂಡಿ ತೋಡಿ ಹೂಳಿಸಿದ್ದರು. ಕೆಲವೇ ದಿನಗಳಲ್ಲಿ ಹದ್ದುಗಳು ಚದುರಿದವು. ಕಾರಣ ಸಿಕ್ಕು ಕಾಟ ತಪ್ಪಿದ್ದರಿಂದ ಹೆಡ್ ಆಫೀಸ್ ಚೆನ್ನೈ ವಿಮಾನವನ್ನು ನಮಗೇ ಉಳಿಸಿತು. ಹನ್ನೆರಡು ಜನರೂ ಕೆಲಸಕ್ಕೆ ಸೇರಿದರು.

ಮಾದಮ್ಮನ ಅಂಗಡಿಯ ವಿಷಯ ಮಾತ್ರ ಅಷ್ಟು ಸುಲಭವಾಗಿ ಮುಗಿಯಲಿಲ್ಲ. ಮುಚ್ಚಿಸಲು ವಾರ ಸಾಕಾಗಿತ್ತು, ತೆರೆಸಲು ತಿಂಗಳುಗಟ್ಟಲೆ ಓಡಾಡಿದೆ. ಒಮ್ಮೆ ದೂರು ಬಂದ ಜಾಗ ಎಂದು ಪಂಚಾಯಿತಿಯಲ್ಲಿ ಯಾರೂ ಒಪ್ಪಲಿಲ್ಲ. ಕೊನೆಗೆ ಅವಳೇ ಬೇಸತ್ತು ನಂಜನಗೂಡಿನ ಸಂತೆ ಹತ್ತಿರ ಬೇರೆ ಚಪ್ಪರ ಹಾಕಿದಳು. ಅಲ್ಲಿ ಹೆದ್ದಾರಿಯಷ್ಟು ವ್ಯಾಪಾರವಿಲ್ಲ.

ಈಗ ನಾನು ನಿವೃತ್ತಳು. ಬೇರೆ ಬೇರೆ ಏರ್‌ಲೈನಿನ ಹೊಸಬರಿಗೆ ಸುರಕ್ಷತೆಯ ತರಗತಿ ತೆಗೆದುಕೊಳ್ಳುತ್ತೇನೆ. ನಮ್ಮ ಕೆಲಸದಲ್ಲಿ ಅನುಮಾನ ಬೇಕೇ ಬೇಕು, ಅನುಮಾನವಿಲ್ಲದವನ ಕೈಗೆ ವಿಮಾನ ಕೊಡಬಾರದು ಎಂದು ಅವರಿಗೆ ಹೇಳುತ್ತೇನೆ. ಜೊತೆಗೆ ಇನ್ನೊಂದು ಮಾತೂ ಹೇಳುತ್ತೇನೆ: ಯಾರಾದರೂ ಬೆರಳು ತೋರಿಸಿದರೆ ಬೆರಳು ತೋರಿಸಿದ ಕಡೆಗೆ ಓಡುವ ಮುನ್ನ, ಘಟನೆ ಎಲ್ಲಿ ನಡೆಯಿತು ಎಂದು ಮೊದಲು ಗೊತ್ತುಮಾಡಿಕೊಳ್ಳಿ. ನಾವು ಗೊತ್ತುಮಾಡಿಕೊಳ್ಳುವ ಮೊದಲೇ ಒಬ್ಬಳ ಒಲೆ ಆರಿತ್ತು.

ಕಳೆದ ತಿಂಗಳು ಮಾದಮ್ಮನ ಚಪ್ಪರಕ್ಕೆ ಹೋಗಿದ್ದೆ. ಮುತ್ತುಗದ ಎಲೆಯ ಮೇಲೆ ಎರಡು ತುಂಡು ಹಾಕಿಕೊಟ್ಟಳು. ನಾನು ಸುಮ್ಮನೆ ಕತ್ತೆತ್ತಿ ಆಕಾಶ ನೋಡಿದೆ, ಇಷ್ಟು ವರ್ಷದ ಅಭ್ಯಾಸ. ಅವಳ ಸೌಟು ಅಲ್ಲೇ ನಿಂತಿತು.

“ಈಗೇನ್ ಮೇಡಮ್ಮ,” ಎಂದಳು, “ಇಲ್ಲಿಂದ್ಲೂ ಏಳ್ಬೇಕಾ?”